ಎಣ್ಣಿ ಹೊಡೆಯುವ ಪ್ರಶ್ನೆ: ಕನ್ನಡ ಚರ್ಚೆಗಳ ಮಾಡರೇಟರ್‌ಗಳಿಗೆ ಕಲಬುರಗಿಯಿಂದ ಒಂದು ಬಹಿರಂಗ ಪತ್ರ

ಮಾಡರೇಟರ್ ಗೆಳೆಯರೇ, ಶರಣು.

ನಿಮ್ಮ ಪೈಕಿ ಯಾರ ಮುಖವನ್ನೂ ನಾನು ನೋಡಿಲ್ಲ. ಹೆಸರೂ ಗೊತ್ತಿಲ್ಲ. ಆದರೆ ಐದಾರು ವರ್ಷದಿಂದ ದಿನಕ್ಕೆ ಒಂದು ಸಲವಾದರೂ ನೀವು ಆನ್‌ಲೈನಿನಲ್ಲಿ ನಡೆಸುವ, ನಿಯಮ ಮೀರಿದ ಬರಹ ತೆಗೆದು ಕಾಯುವ ಚರ್ಚೆಗಳಿಗೆ ಬಂದು ಹೋಗಿದ್ದೇನೆ, ಓದಿದ್ದೇನೆ, ಜಗಳ ಆಡಿದ್ದೇನೆ, ಎಷ್ಟೋ ವಿಷಯ ಕಲಿತಿದ್ದೇನೆ. ಹಾಗಾಗಿ ಗುರುತಿಲ್ಲದವರಿಗೆ ಬರೆಯುತ್ತಿದ್ದೇನೆ ಅಂತ ಅನ್ನಿಸುವುದಿಲ್ಲ. ಯಾವ ಚರ್ಚಾಕೂಟ ಅಂತ ಹೆಸರು ಹಾಕುವುದಿಲ್ಲ. ಒಂದೇ ಕಡೆಯ ತೊಂದರೆ ಆಗಿದ್ದರೆ ಅಲ್ಲೇ ಒಂದು ಮೆಸೇಜ್ ಹಾಕಿ ಸುಮ್ಮನಾಗುತ್ತಿದ್ದೆ. ಈ ಪತ್ರ ನಿಮ್ಮೆಲ್ಲರಿಗೂ, ನಿಮಗೆ ಜಾಗ ಕೊಟ್ಟಿರುವ ಕಂಪನಿಗಳಿಗೂ.

ಮೊದಲು ನಡೆದದ್ದು ಹೇಳುತ್ತೇನೆ.

ನಮ್ಮ ಕಾಕಾನ ಮಗ ಆಳಂದ ತಾಲ್ಲೂಕಿನಲ್ಲಿ ಒಕ್ಕಲುತನ ಮಾಡುತ್ತಾನೆ. ಒಂಬತ್ತು ಎಕರೆ ತೊಗರಿ. ಹೋದ ವರ್ಷ ಬೆಳೆ ಹೂವಿಗೆ ಬಂದಾಗ ಮೂರು ದಿನ ಮೋಡ ಮುಸುಕಿತ್ತು. ಹೂವಿನ ಹೊತ್ತಿಗೆ ಮೋಡ ಕವಿದರೆ ನಮ್ಮ ಕಡೆ ರೈತರಿಗೆ ನಿದ್ದೆ ಬರುವುದಿಲ್ಲ, ಕಾಯಿಕೊರಕ ಹುಳ ಜಾಸ್ತಿ ಆಗುತ್ತದೆ. ಔಷಧ ಈಗಲೇ ಹೊಡೆದರೆ ಮಳೆ ಬಂದು ತೊಳೆದುಕೊಂಡು ಹೋಗಬಹುದು. ತಡ ಮಾಡಿದರೆ ಹುಳ ಮೊಗ್ಗು ತಿನ್ನಬಹುದು. ನಾನೇ ಅವನಿಗೆ ಹೇಳಿದ್ದೆ, ಅಲ್ಲಿ ಓದಿದ ಮಂದಿ ಇದ್ದಾರೆ, ಕೃಷಿ ಕಲಿತವರೂ ಇರುತ್ತಾರೆ, ಕೇಳಿ ನೋಡು ಅಂತ. ಅವನು ಹೊಲದ ಬದುವಿನ ಮೇಲೆ ಕೂತು ಫೋನಿನಲ್ಲಿ ಬರೆದ:

"ಅಣ್ಣಗೋಳಾ, ತೊಗರಿ ಹೂವಿಗಿ ಬಂದದ. ಮೋಡ ಕವದದ. ಈಗ ಎಣ್ಣಿ ಹೊಡಿಬೇಕೋ ಇಲ್ಲಾ ಎರಡು ದಿನ ತಡಿಬೇಕೋ? ಯಾರರ ಹೇಳ್ರಿ."

ನಮ್ಮ ಕಡೆ ಹೊಲದಲ್ಲಿ ಎಣ್ಣಿ ಅಂದರೆ ಕೀಟನಾಶಕ. ಎಣ್ಣಿ ಹೊಡೆಯೋದು ಅಂದರೆ ಬೆಳೆಗೆ ಔಷಧ ಸಿಂಪಡಿಸುವುದು. ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಲಕ್ಕೆ ಇಳಿಯುವವನ ಹತ್ತಿರ ಇದಕ್ಕೆ ಬೇರೆ ಮಾತಿಲ್ಲ. ಬೆಂಗಳೂರಿನಲ್ಲಿ ಎಣ್ಣೆ ಹೊಡೆಯೋದು ಅಂದರೆ ಏನು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅವನಿಗೆ ಗೊತ್ತಿರಲಿಲ್ಲ.

ಹತ್ತು ನಿಮಿಷದಲ್ಲಿ ಕಾಮೆಂಟ್ ಶುರುವಾದವು. "ಎಣ್ಣೆ ಹೊಡೆಯಲು ಮುಹೂರ್ತ ಬೇಕೇ?" ಅಂತ ಒಬ್ಬರು. "ದಯವಿಟ್ಟು ಮೊದಲು ಕನ್ನಡ ಕಲಿತು ಬನ್ನಿ, ನಂತರ ಪ್ರಶ್ನೆ ಕೇಳಿ" ಅಂತ ಇನ್ನೊಬ್ಬರು. "ನಿಮ್ಮ ಹೈದರಾಬಾದಿಗೆ ಹೋಗಿ ಕೇಳಬಹುದಲ್ಲವೇ" ಅಂತ ಮೂರನೆಯವರು. ಅವನು ಅರ್ಧ ಗಂಟೆ ನೋಡಿದ. ಆಮೇಲೆ ಸಿಟ್ಟು ತಡೆಯದೆ ಬರೆದ: "ಲೇ ಖೋಡಿಗೋಳಾ, ನಿಮ್ಮ ತಾಟಿನ್ಯಾಗ ಬರೋ ಬ್ಯಾಳಿ ಎಲ್ಲಿಂದ ಬರ್ತದಂತ ಮೊದಲ ತಿಳ್ಕೊಳ್ರಿ."

ಅವನ ಪ್ರಶ್ನೆಯನ್ನು ತೆಗೆದರು, ಕಾರಣ ಮದ್ಯಪಾನದ ಪೋಸ್ಟ್. ಅವನ ಉತ್ತರವನ್ನು ತೆಗೆದರು, ಕಾರಣ ಅಸಭ್ಯ ಭಾಷೆ. ಏಳು ದಿನ ಬ್ಯಾನ್. ಉಳಿದ ಮೂರು ಕಾಮೆಂಟ್ ಹಾಗೇ ಇದ್ದವು. ಇವತ್ತಿಗೂ ಇವೆ, ನನ್ನ ಹತ್ತಿರ ಆ ಲಿಂಕ್ ಇದೆ, ತೆರೆದರೆ ಮೇಲೆ ಖಾಲಿ, ಕೆಳಗೆ ಆ ಮೂವರು. ಅವರ ಕನ್ನಡದಲ್ಲಿ ಒಂದು ಅಕ್ಷರ ತಪ್ಪಿಲ್ಲ. "ದಯವಿಟ್ಟು" ಇದೆ, "ಬನ್ನಿ" ಇದೆ, "ಅಲ್ಲವೇ" ಇದೆ. ಒಬ್ಬ ರೈತನಿಗೆ ನಿನ್ನ ಭಾಷೆ ಭಾಷೆಯೇ ಅಲ್ಲ, ನಿನ್ನ ಊರು ಕರ್ನಾಟಕವೇ ಅಲ್ಲ ಅಂದಿದ್ದಾರೆ. ಅದು ಯಾವ ನಿಯಮಕ್ಕೂ ಸಿಗಲಿಲ್ಲ. ಅವನ "ಖೋಡಿ" ಸಿಕ್ಕಿತು.

ಖೋಡಿ ಅಂದರೆ ಏನು ಅಂತ ಹೇಳಬೇಕು. ನಮ್ಮಮ್ಮ ನನ್ನನ್ನು ದಿನಕ್ಕೆ ನಾಲ್ಕು ಸಲ ಖೋಡಿ ಅಂತಾಳೆ. ಗೆಳೆಯರು ಎರಡು ವರ್ಷದ ಮೇಲೆ ಸಿಕ್ಕರೆ ಮೊದಲ ಮಾತೇ ಅದು, "ಲೇ ಖೋಡಿ, ಎಲ್ಲಿ ಹಾಳಾಗಿ ಹೋಗಿದ್ದಿ?" ಸಿಟ್ಟಿನಲ್ಲಿ ಅಂದರೆ ಬೈಗುಳ, ಪ್ರೀತಿಯಲ್ಲಿ ಅಂದರೆ ಪ್ರೀತಿ. ಅವತ್ತು ಅವನು ಅಂದಿದ್ದು ಸಿಟ್ಟಿನಲ್ಲೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದು ಬಹಳ ಸಣ್ಣ ಬೈಗುಳ. ಹಾಗೇ "ನೀ" ಅನ್ನುವುದೂ. ಮುತ್ಯಾನಿಗೆ ಅಂದರೆ ಅಜ್ಜನಿಗೆ, ಆಯಿಗೆ ಅಂದರೆ ಅಜ್ಜಿಗೆ, ಅವ್ವನಿಗೆ ನಾವು ನೀ ಅಂತಲೇ ಮಾತಾಡುತ್ತೇವೆ. "ಮುತ್ಯಾ, ನೀ ಯಾವಾಗ ಬಂದಿ?" ಅಂತ ಕೇಳಿದರೆ ಅದರಲ್ಲಿ ಅಗೌರವ ಇಲ್ಲ, ಮನೆಯವನು ಅನ್ನುವ ಸಲಿಗೆ ಇದೆ. ನಿಮ್ಮಲ್ಲಿ ಇದೇ "ನೀ" ಎಷ್ಟೋ ಸಲ ಏಕವಚನದ ಅವಮಾನ ಅಂತ ರಿಪೋರ್ಟ್ ಆಗಿರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಪಕ್ಷಪಾತದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಒಂದೇ ಥರದ ಜಗಳ ಆಗುತ್ತದೆ. ಮಾಡರೇಟರ್‌ಗಳು ಆ ಪಕ್ಷದವರು ಅಂತ ಈ ಕಡೆಯವರು, ಈ ಪಕ್ಷದವರು ಅಂತ ಆ ಕಡೆಯವರು. ಚುನಾವಣೆ ಹತ್ತಿರ ಬಂದರೆ ಕೇಳುವುದೇ ಬೇಡ. ಆ ಜಗಳದಲ್ಲಿ ಹುರುಳಿಲ್ಲ ಅಂತ ಹೇಳುತ್ತಿಲ್ಲ. ಆದರೆ ನಾನು ನೋಡಿದ ಪಕ್ಷಪಾತ ಕಿವಿಯದು. ಯಾವ ಮಾತು ನಿಮ್ಮ ಕಿವಿಗೆ ರೂಢಿಯೋ ಅದು ಸಭ್ಯ, ಯಾವುದು ರೂಢಿ ಇಲ್ಲವೋ ಅದು ಒರಟು. ಇದನ್ನು ನೀವು ಬೇಕು ಅಂತ ಮಾಡುತ್ತಿಲ್ಲ ಅಂತ ನನಗೆ ಪೂರ್ತಿ ನಂಬಿಕೆ ಇದೆ. ಅದಕ್ಕೇ ಈ ಪತ್ರ ಬರೆಯುತ್ತಿರುವುದು. ಬೇಕಂತಲೇ ಮಾಡುವವರಿಗೆ ಪತ್ರ ಬರೆದು ಏನು ಉಪಯೋಗ?

ಇದು ನಮ್ಮೊಬ್ಬರ ಅಳಲಲ್ಲ. ಅಮೆರಿಕದಲ್ಲಿ 2019ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿದರು. ದ್ವೇಷದ ಮಾತು ಹಿಡಿಯುವ ಕಂಪ್ಯೂಟರ್ ಪ್ರೋಗ್ರಾಂಗಳಿಗೆ ಮೊದಲು ಮನುಷ್ಯರು ಸಾವಿರಾರು ಟ್ವೀಟ್ ಓದಿ, ಇದು ಕೆಟ್ಟದ್ದು, ಇದು ಅಲ್ಲ ಅಂತ ಗುರುತು ಹಾಕಿ ಕಲಿಸುತ್ತಾರೆ. ಅಲ್ಲಿನ ಕಪ್ಪು ಜನ ಮನೆಯಲ್ಲಿ ಆಡುವ ಇಂಗ್ಲಿಷಿನಲ್ಲಿ ಬರೆದ ಟ್ವೀಟುಗಳಿಗೆ ಆ ಪ್ರೋಗ್ರಾಂಗಳಿಂದ ಕೆಟ್ಟದ್ದು ಅನ್ನುವ ಗುರುತು ಎರಡು ಪಟ್ಟಿನವರೆಗೆ ಜಾಸ್ತಿ ಬೀಳುತ್ತಿತ್ತು. ಮನುಷ್ಯರ ಕಿವಿ ತಪ್ಪಿದ್ದನ್ನು ಯಂತ್ರ ಹಾಗೇ ಕಲಿತಿತ್ತು. ನನಗೆ ಹೆಚ್ಚು ಹಿಡಿಸಿದ್ದು ಅದರ ಮುಂದಿನ ಭಾಗ. ಗುರುತು ಹಾಕುವವರಿಗೆ ಮೊದಲೇ, ಇದು ಇಂಥ ಜನರ ಆಡುಮಾತು ಅಂತ ತಿಳಿಸಿದಾಗ ಅವರು ಕೆಟ್ಟದ್ದು ಅಂತ ಹಾಕುವುದು ಕಡಿಮೆ ಆಯಿತು. ಅಷ್ಟೇ ಸಾಕಾಯಿತು, ತಿಳಿಸುವುದು.

ಅಮೆರಿಕದ ಇಂಗ್ಲಿಷಿಗೇ ಈ ಗತಿ ಅಂದರೆ ಆಳಂದದ ಕನ್ನಡಕ್ಕೆ ಯಾರು ಯಂತ್ರ ಕಲಿಸುತ್ತಾರೆ?

ನಮ್ಮ ಜಿಲ್ಲೆಯದೇ ಒಂದು ಮಾತು ನೆನಪಿಸುತ್ತೇನೆ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಒಂಬತ್ತನೇ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಇವತ್ತು ನಮಗೆ ಸಿಕ್ಕಿರುವ ಮೊದಲ ಕನ್ನಡ ಪುಸ್ತಕ. ಅದರಲ್ಲೇ ಹೇಳಿದ್ದಾರೆ, ಕನ್ನಡಗಳಲ್ಲಿ ದೇಸಿ ಬೇರೆ ಬೇರೆ, ಇದರಲ್ಲಿ ದೋಷ ಇಷ್ಟೇ ಅಂತ ತೀರ್ಮಾನ ಮಾಡಲು ಹೋದರೆ ವಾಸುಕಿಗೂ ತಿಳಿಯದೆ ಬೇಸರ ಬಂದೀತು ಅಂತ. ಗಮನಿಸಿ, ಕನ್ನಡ ಅಂದಿಲ್ಲ, ಕನ್ನಡಗಳು ಅಂದಿದ್ದಾರೆ. ವಾಸುಕಿಗೇ ಆಗದ್ದು ಒಬ್ಬ ಮಾಡರೇಟರಿಗೆ ಆಗಬೇಕು ಅಂತ ನಾನು ಕೇಳುವುದಿಲ್ಲ. ಮಂಗಳೂರು, ಮೈಸೂರು, ಬೀದರ್, ಚಾಮರಾಜನಗರ ಎಲ್ಲ ಕಡೆಯ ಮಾತು ಒಬ್ಬರ ತಲೆಯಲ್ಲಿ ಇರಲು ಸಾಧ್ಯವಿಲ್ಲ. ಗೊತ್ತಿಲ್ಲದಾಗ ಅಳಿಸುವ ಮೊದಲು ಯಾರನ್ನಾದರೂ ಕೇಳಿ, ಇಷ್ಟೇ. "ಎಣ್ಣಿ ಅಂದರೆ ಏನಪ್ಪಾ?" ಅಂತ ಒಂದು ಸಾಲು ಅವನಿಗೆ ಕೇಳಿದ್ದರೆ ಸಾಕಿತ್ತು.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲ ಅಂತ ತಿಳಿಯಬೇಡಿ. ಸಂಬಳ ಇಲ್ಲ. ದಿನವಿಡೀ ನಿಮ್ಮ ನಿಮ್ಮ ಕೆಲಸ ಮುಗಿಸಿ ರಾತ್ರಿ ಕೂತು ಮಂದಿಯ ಕೊಳಕು ತೊಳೆಯುತ್ತೀರಿ. ಹೆಣ್ಣುಮಕ್ಕಳ ಮೇಲೆ ಬರೆಯುವ ಹೊಲಸು, ಜಾತಿಯ ಬೈಗುಳ, ಸುಳ್ಳು ಸುದ್ದಿ, ಇದನ್ನೆಲ್ಲ ನಾವು ನೋಡುವ ಮೊದಲು ನೀವು ನೋಡಿ ತೆಗೆಯುತ್ತೀರಿ. ಒಂದು ವಾರ ನೀವು ಕೈ ಬಿಟ್ಟರೆ ಅಲ್ಲಿ ಮರ್ಯಾದಸ್ಥರು ಕಾಲಿಡುವ ಹಾಗಿರುವುದಿಲ್ಲ. ತೆಗೆಯಲೇಬೇಡಿ ಅನ್ನುವವರ ಜೊತೆ ನಾನಿಲ್ಲ. ರಿಪೋರ್ಟಿನ ಸಾಲು ಹೇಗೆ ಬೆಳೆಯುತ್ತದೆ ಅಂತಲೂ ಗೊತ್ತು. ಮೂವತ್ತು ಜನ ಒಂದು ಕಾಮೆಂಟಿಗೆ ರಿಪೋರ್ಟ್ ಒತ್ತಿದರೆ ಅದು ಮೇಲೆ ಬಂದು ಕೂರುತ್ತದೆ, ನಿದ್ದೆಗಣ್ಣಿನಲ್ಲಿ ನೀವು ತೆಗೆದು ಮುಂದೆ ಹೋಗುತ್ತೀರಿ. ಆದರೆ ಅಲ್ಲೇ ಒಂದು ಮೋಸ ಇದೆ. ಮೂವತ್ತು ರಿಪೋರ್ಟ್ ಬಂದಿದೆ ಅಂದರೆ ಮಾತು ಕೆಟ್ಟದಿತ್ತು ಅಂತಲೇ ಆಗಬೇಕಿಲ್ಲ, ಆ ಮಾತು ಆಡುವವರು ಅಲ್ಲಿ ಕಡಿಮೆ ಇದ್ದಾರೆ ಅಂತಲೂ ಆಗಬಹುದು. ನಮ್ಮವರು ಅಲ್ಲಿ ನೂರಕ್ಕೆ ಎಷ್ಟು ಜನ ಇದ್ದೇವು? ನಮ್ಮನ್ನು ಹೀಯಾಳಿಸಿದ ಕಾಮೆಂಟಿಗೆ ರಿಪೋರ್ಟ್ ಒತ್ತಿದವನು ನಾನೊಬ್ಬನೇ ಇರಬೇಕು.

ನಾನೂ ಈ ಕೆಲಸ ಸಣ್ಣ ಮಟ್ಟದಲ್ಲಿ ಮಾಡಿದ್ದೇನೆ. ನಮ್ಮೂರಿನ ವಾಟ್ಸಾಪ್ ಗುಂಪಿಗೆ ನಾನು ಅಡ್ಮಿನ್. ಮುನ್ನೂರು ಚಿಲ್ಲರೆ ಮಂದಿ ಇದ್ದಾರೆ. ಎರಡು ಬೇಸಿಗೆ ಹಿಂದೆ ನಮ್ಮ ಓಣಿಯ ಹಿರಿಯರೊಬ್ಬರು ರಾತ್ರಿ ಹತ್ತಕ್ಕೆ ಒಂದು ಧ್ವನಿ ಸಂದೇಶ ಹಾಕಿದರು. ಜೋರು ದನಿ, ಪಂಚಾಯಿತಿಯವರಿಗೆ ಬೈಗುಳ. ಗುಂಪಿನಲ್ಲಿ ಪಂಚಾಯಿತಿಯವರೂ ಇದ್ದರು, ಜಗಳ ಹತ್ತುತ್ತದೆ ಅಂತ ನಾನು ಪೂರ್ತಿ ಕೇಳದೆಯೇ ಅಳಿಸಿಬಿಟ್ಟೆ. ಮರುದಿನ ಬೆಳಿಗ್ಗೆ ಊರಿಗೆ ಹೋಗಿದ್ದೆ. ಹೋಟೆಲಿನಲ್ಲಿ ಸುಸಲಾ ತಿನ್ನುತ್ತಾ ಕೂತಿದ್ದಾಗ ಅವರು ಬಂದು ಎದುರಿಗೆ ಕೂತರು.

"ತಮ್ಮಾ, ನನ್ನ ಮಾತು ಯಾಕ ಅಳಸಿದಿ?"

"ಗುಂಪಿನ್ಯಾಗ ಜಗಳ ಬ್ಯಾಡಂತ ಕಾಕಾ."

"ಜಗಳ ಅಲ್ಲೋ ಯಪ್ಪಾ, ನೀರು. ಹನ್ನೊಂದು ದಿನ ಆತು ನಳ ಬಂದಿಲ್ಲ. ಅದು ಕೇಳಿದ್ದೇನು ನೀ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕೈಯಲ್ಲಿದ್ದ ಚಹಾ ಆರಿಹೋಯಿತು. ಅವರ ಫೋನಿನಲ್ಲಿ ಆ ದನಿಯನ್ನು ಅಲ್ಲೇ ಕೂತು ಪೂರ್ತಿ ಕೇಳಿದೆ. ಬೈಗುಳ ಮೊದಲ ಅರ್ಧ ನಿಮಿಷ, ಉಳಿದ ಎರಡು ನಿಮಿಷ ಬರೀ ನೀರಿನ ಲೆಕ್ಕ, ಯಾವ ಓಣಿಗೆ ಎಷ್ಟು ದಿನದಿಂದ ಇಲ್ಲ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಎಲ್ಲ. ನಾನೇ ಮತ್ತೆ ಅದನ್ನು ಗುಂಪಿಗೆ ಹಾಕಿಸಿದೆ. ಅವತ್ತು ಒಂದು ವಿಷಯ ನನಗೆ ಗೊತ್ತಾಯಿತು. ಮರುದಿನ ಎದುರಿಗೆ ಸಿಗುವ ಮನುಷ್ಯನ ಮಾತನ್ನು ನಾವು ಸುಮ್ನೆ ಅಳಿಸುವುದಿಲ್ಲ. ಯಾಕೆ ಅಂತ ಕೇಳುತ್ತಾನೆ, ಹೇಳಬೇಕಾಗುತ್ತದೆ. ನಿಮ್ಮನ್ನು ನಮ್ಮ ಕಾಕಾನ ಮಗ ಎಲ್ಲಿ ಹುಡುಕಿಕೊಂಡು ಬರಬೇಕು? ಅವನು ಕಾರಣ ಕೇಳಿ ಎರಡು ಮೆಸೇಜ್ ಹಾಕಿದ. ಮೊದಲನೆಯದಕ್ಕೆ ಉತ್ತರ ಇಲ್ಲ. ಎರಡನೆಯದಕ್ಕೆ ಮ್ಯೂಟ್ ಮಾಡಿದರು, ಇಪ್ಪತ್ತೆಂಟು ದಿನ.

ಕಾರಣ ಕೇಳಿದರೆ ಬಾಯಿ ಮುಚ್ಚಿಸುವುದು ಎಂಥ ನೋವು ಅಂತ ನಿಮ್ಮಂಥವರಿಗೇ ಚೆನ್ನಾಗಿ ಗೊತ್ತಿರಬೇಕು. ರೆಡಿಟ್ ಅನ್ನುವ ಅಮೆರಿಕದ ಚರ್ಚಾತಾಣದಲ್ಲಿ 2023ರ ಜೂನ್‌ನಲ್ಲಿ ನಡೆದದ್ದು ನೆನಪಿದೆ ಅಲ್ವಾ? ರೆಡಿಟ್‌ನ ಮಾಹಿತಿ ಬಳಸುವ ಹೊರಗಿನ ಆ್ಯಪ್‌ಗಳಿಗೆ ಕಂಪನಿ ದುಬಾರಿ ದರ ಇಟ್ಟಿತು. ಮಾಡರೇಟರ್‌ಗಳು ಕೆಲಸಕ್ಕೆ ಬಳಸುತ್ತಿದ್ದ ಎಷ್ಟೋ ಆ್ಯಪ್‌ಗಳು ಮುಚ್ಚುವ ಸ್ಥಿತಿ ಬಂತು. ಸಾವಿರಾರು ಸಮುದಾಯಗಳ ಮಾಡರೇಟರ್‌ಗಳು ಜೂನ್ 12ರಿಂದ ಬಾಗಿಲು ಹಾಕಿ ಪ್ರತಿಭಟಿಸಿದರು. ಕಂಪನಿ ಏನು ಹೇಳಿತು? ತೆರೆಯಿರಿ, ಇಲ್ಲ ಅಂದರೆ ನಿಮ್ಮ ಜಾಗಕ್ಕೆ ಬೇರೆಯವರನ್ನು ತರುತ್ತೇವೆ ಅಂತ. ವರ್ಷಗಟ್ಟಲೆ ಸಂಬಳವಿಲ್ಲದೆ ದುಡಿದವರಿಗೆ ಬಂದ ಉತ್ತರ ಅದು. ಆಗ ಮಾಡರೇಟರ್‌ಗಳು ಬರೆದುಕೊಂಡದ್ದನ್ನು ನಾನು ಓದಿದ್ದೆ, ನಮ್ಮನ್ನು ಯಾರೂ ಕೇಳಲಿಲ್ಲ, ನಮ್ಮ ಮಾತು ಯಾರೂ ಕೇಳಿಸಿಕೊಳ್ಳಲಿಲ್ಲ ಅಂತ. ಅವರ ಪರವಾಗಿಯೇ ನನ್ನ ಮನಸ್ಸಿತ್ತು. ಅದೇ ಮಾತನ್ನು ಇವತ್ತು ನಾನು ಕೆಳಗಿನ ಮೆಟ್ಟಿಲಿನಿಂದ ಹೇಳುತ್ತಿದ್ದೇನೆ.

ಅದೇ ಕಂಪನಿಯ ಮುಖ್ಯಸ್ಥ ಸ್ಟೀವ್ ಹಫ್‌ಮನ್ 2016ರಲ್ಲಿ ತನ್ನನ್ನು ಬೈದ ಬಳಕೆದಾರರ ಕಾಮೆಂಟುಗಳನ್ನು ತಾನೇ ತಿದ್ದಿ, ತನ್ನ ಹೆಸರಿದ್ದ ಕಡೆ ಆ ಸಮುದಾಯದ ಮಾಡರೇಟರ್‌ಗಳ ಹೆಸರು ಹಾಕಿದ್ದನ್ನು ಒಪ್ಪಿಕೊಂಡು ಕ್ಷಮೆ ಕೇಳಬೇಕಾಯಿತು. ಅದು ಟ್ರಂಪ್ ಬೆಂಬಲಿಗರ ಸಮುದಾಯ. 2020ರ ಜೂನ್‌ನಲ್ಲಿ ಆ ಸಮುದಾಯವನ್ನೂ ಸೇರಿಸಿ ಸುಮಾರು 2000 ಸಮುದಾಯಗಳನ್ನು ದ್ವೇಷದ ಮಾತಿನ ವಿರುದ್ಧದ ಹೊಸ ನಿಯಮದಡಿ ರೆಡಿಟ್ ತೆಗೆದುಹಾಕಿತು. ತೆಗೆದದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ 2016ರಲ್ಲಿ ಕದ್ದು ತಿದ್ದಿದ ಕೈಯೇ 2020ರಲ್ಲಿ ತೆಗೆದಾಗ, ಸರಿಯಾದ ಕೆಲಸವನ್ನೂ ಎಷ್ಟೋ ಜನ ಅನುಮಾನದಿಂದಲೇ ನೋಡಿದರು. ಒಂದು ಸಲ ನಂಬಿಕೆ ಹೋದರೆ ಹೀಗೇ ಆಗುವುದು.

ಇನ್ನು ಕಂಪನಿಗಳಿಗೆ ಎರಡು ಮಾತು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ತಂದ ಐಟಿ ನಿಯಮಗಳ ಪ್ರಕಾರ 50 ಲಕ್ಷಕ್ಕಿಂತ ಜಾಸ್ತಿ ನೋಂದಾಯಿತ ಬಳಕೆದಾರರಿರುವ ದೊಡ್ಡ ಸಾಮಾಜಿಕ ಮಾಧ್ಯಮ ತಾನಾಗಿ ಒಂದು ಬರಹ ತೆಗೆಯುವುದಾದರೆ, ತೆಗೆಯುವ ಮೊದಲು ಬರೆದವರಿಗೆ ಯಾಕೆ ಅಂತ ತಿಳಿಸಬೇಕು, ವಾದಿಸಲು ಅವಕಾಶ ಕೊಡಬೇಕು. ದೂರು ಕೇಳುವ ಅಧಿಕಾರಿ ಇರಬೇಕು, ದೂರು ಬಂದ 24 ಗಂಟೆಯೊಳಗೆ ಬಂದಿದೆ ಅಂತ ಹೇಳಬೇಕು. 2022ರಲ್ಲಿ ಇನ್ನೊಂದು ಸೇರಿಸಿದರು, ನಿಯಮಗಳನ್ನು ಬಳಕೆದಾರರು ಬಯಸಿದ ಭಾಷೆಯಲ್ಲಿ, ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ, ಸಿಗುವ ಹಾಗೆ ಇಡಬೇಕು ಅಂತ. ಕನ್ನಡ ಆ ಪರಿಚ್ಛೇದದಲ್ಲಿದೆ. ಅಧಿಕಾರಿಯ ಉತ್ತರ ಸರಿ ಅನ್ನಿಸದಿದ್ದರೆ ಮೇಲ್ಮನವಿ ಸಮಿತಿಗೆ 30 ದಿನದೊಳಗೆ ಹೋಗಬಹುದು.

ಕಾಗದದ ಮೇಲೆ ಚೆನ್ನಾಗಿದೆ. ಆದರೆ ಈ ನಿಯಮ ಹಿಡಿಯುವುದು ಕಂಪನಿಯನ್ನು. ನಮ್ಮ ಮಾತು ತೆಗೆಯುವವರು ಜಾಸ್ತಿ ಸಲ ಸಂಬಳವಿಲ್ಲದ ಮಾಡರೇಟರ್. ಕಂಪನಿಯನ್ನು ಕೇಳಿದರೆ ಅದು ಸಮುದಾಯದ ತೀರ್ಮಾನ ಅನ್ನುತ್ತಾರೆ, ಮಾಡರೇಟರನ್ನು ಕೇಳಿದರೆ ಉತ್ತರವೇ ಇಲ್ಲ. ನಡುವೆ ನಾವು. ಒಂಬತ್ತು ಎಕರೆ ತೊಗರಿ ಬೆಳೆಯುವವನು ಒಂದು ಪ್ರಶ್ನೆಗಾಗಿ ದೆಹಲಿಯ ಸಮಿತಿಗೆ ಮೇಲ್ಮನವಿ ಬರೆಯುತ್ತಾನಾ? ಬರೆಯುವುದಿಲ್ಲ. ಅಲ್ಲಿಗೆ ಬರುವುದನ್ನೇ ಬಿಡುತ್ತಾನೆ. ಕನ್ನಡದ ಚರ್ಚೆ ಅಂತ ಹೆಸರಿಟ್ಟುಕೊಂಡು ಹಣ ಮಾಡುವ ಕಂಪನಿ, ಕಲಬುರಗಿ, ಬೀದರ್, ಯಾದಗಿರಿಯ ಕನ್ನಡ ಬಲ್ಲ ನಾಲ್ಕು ಜನರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಬೇಕು. ಇಲ್ಲಿ ಪದವಿ ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರಿಗೆ ಕೊರತೆ ಇಲ್ಲ.

ಬೀದರ್ ಜಿಲ್ಲೆಯ ಬಸವಕಲ್ಯಾಣದ ಹೆಸರನ್ನು ಚರ್ಚೆಯ ಮಾತು ಬಂದಾಗಲೆಲ್ಲ ಎಲ್ಲರೂ ಹೇಳುತ್ತಾರೆ, ನೀವೂ ನಿಮ್ಮ ಪರಿಚಯದ ಪುಟದಲ್ಲಿ ಅನುಭವ ಮಂಟಪದ ಹಾಗೆ ಮುಕ್ತ ಚರ್ಚೆ ಅಂತ ಬರೆದುಕೊಂಡಿದ್ದೀರಿ. ಸಂತೋಷ. ಹಾಗಾದರೆ ಅಂಬಿಗರ ಚೌಡಯ್ಯನನ್ನು ಒಂದು ಸಲ ಓದಿ. ದೋಣಿ ನಡೆಸುವವನು, ಸಿಟ್ಟು ಬಂದರೆ ಕೆರ ತೆಗೆದುಕೊಂಡು ಹೊಡೆಯಬೇಕು ಅಂತ ನೇರವಾಗಿ ಹೇಳುವವನು. ಅವನ ಮಾತು ಒರಟು ಅಂತ ಶರಣರು ಅವನನ್ನು ಹೊರಗೆ ಹಾಕಲಿಲ್ಲ. ಆ ಒರಟುತನದೊಳಗೆ ಏನಿದೆ ಅಂತ ಕೇಳಿದರು, ಉಳಿಸಿಕೊಂಡರು, ಎಂಟುನೂರು ವರ್ಷ ದಾಟಿ ನಮ್ಮ ಕೈಗೆ ಬಂತು. ಅಲ್ಲಮನೂ ಅಕ್ಕಮಹಾದೇವಿಯನ್ನು ಸುಮ್ನೆ ಒಳಗೆ ಬಿಟ್ಟುಕೊಳ್ಳಲಿಲ್ಲ, ಕಠಿಣವಾದ ಪ್ರಶ್ನೆ ಕೇಳಿದ. ಆದರೆ ಎಲ್ಲರ ಎದುರಿಗೆ ಕೇಳಿದ, ಅವಳಿಗೆ ಉತ್ತರ ಹೇಳಲು ಬಿಟ್ಟ.

ನಾನು ಕೇಳುವುದು ಇದಕ್ಕಿಂತ ಸಣ್ಣದು. ಒಂದು ಬರಹ ತೆಗೆದರೆ ಯಾವ ಸಾಲಿಗೆ, ಯಾಕೆ ಅಂತ ಕನ್ನಡದಲ್ಲಿ ಒಂದು ವಾಕ್ಯ ಬರೆಯಿರಿ. ನಿಮಗೆ ಗೊತ್ತಿಲ್ಲದ ಮಾತಾದರೆ ತೆಗೆಯುವ ಮೊದಲು ಬರೆದವನನ್ನೇ ಕೇಳಿ. ನಿಮ್ಮ ತಂಡದಲ್ಲಿ ನಮ್ಮ ಕಡೆಯವರು ಒಬ್ಬರಾದರೂ ಇರಲಿ, ಕರೆದರೆ ನಾನೇ ಬರುತ್ತೇನೆ, ರಾತ್ರಿ ಎರಡು ಗಂಟೆ ಕೂರಲು ನನಗೇನೂ ಬೇಸರವಿಲ್ಲ. ಮತ್ತೆ ಆ ಅಸಭ್ಯ ಪದಗಳ ಪಟ್ಟಿಯನ್ನು ಎಲ್ಲರಿಗೂ ಕಾಣುವ ಹಾಗೆ ಇಡಿ. ಖೋಡಿ ಅದರಲ್ಲಿ ಇರಲೇಬೇಕು ಅಂದರೆ ಇರಲಿ. ಆದರೆ "ನಿಮ್ಮ ಹೈದರಾಬಾದಿಗೆ ಹೋಗಿ" ಅನ್ನುವುದೂ ಇರಬೇಕು. 1948ರ ಸೆಪ್ಟೆಂಬರ್ 17ರವರೆಗೆ ನಿಜಾಮನ ಕೈಯಲ್ಲಿದ್ದು, ಉರ್ದು ಶಾಲೆಗಳಲ್ಲಿ ಓದಿ, ಮನೆಯಲ್ಲಿ ಕನ್ನಡ ಉಳಿಸಿಕೊಂಡ ಮುತ್ಯಾಂದಿರ ಮೊಮ್ಮಕ್ಕಳಿಗೆ ಆ ಮಾತು ಯಾವ ಬೈಗುಳಕ್ಕಿಂತಲೂ ಜಾಸ್ತಿ ಚುಚ್ಚುತ್ತದೆ. ನಮ್ಮ ಮಾತಿನಲ್ಲಿ ದವಾಖಾನಿ, ಜಲ್ದಿ ಇರುವುದು ಆ ಚರಿತ್ರೆಯಿಂದ. ಅದು ಕನ್ನಡದ ಚರಿತ್ರೆಯೇ.

ಕಾಕಾನ ಮಗ ಅವತ್ತು ಉತ್ತರಕ್ಕೆ ಕಾದು, ಸಿಗದೆ, ಔಷಧದ ಅಂಗಡಿಯವನು ಹೇಳಿದ ಹಾಗೆ ಮರುದಿನ ಬೆಳಿಗ್ಗೆ ಎಣ್ಣಿ ಹೊಡೆದ. ಮಧ್ಯಾಹ್ನ ಮಳೆ ಬಂತು. ಎಲ್ಲ ತೊಳೆದುಕೊಂಡು ಹೋಯಿತು. ಮತ್ತೆ ರೊಕ್ಕ ಹೊಂದಿಸಿ, ಮತ್ತೆ ಆಳು ಹಚ್ಚಿ, ಐದು ದಿನ ಬಿಟ್ಟು ಎರಡನೇ ಸಲ ಹೊಡೆಸಿದ. ಅಷ್ಟರಲ್ಲಿ ಹುಳ ತನ್ನ ಕೆಲಸ ಮಾಡಿತ್ತು. ಇದಕ್ಕೆ ನೀವೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಆ ದಿನ ನಿಮ್ಮಲ್ಲಿ ಎಷ್ಟೋ ಸಾವಿರ ಜನ ಆನ್‌ಲೈನ್ ಇದ್ದರು, ಅದರಲ್ಲಿ ಒಬ್ಬರಿಗಾದರೂ ಉತ್ತರ ಗೊತ್ತಿರುತ್ತಿತ್ತು.

ಈ ಸಲವೂ ತೊಗರಿ ಹೂವಿಗೆ ಬರುತ್ತದೆ. ಅಲ್ಲಿ ಮತ್ತೆ ಕೇಳು ಅಂತ ಹೇಳಿದೆ, ಅವನು ಒಲ್ಲೆ ಅಂದ. ಅವನ ಹಳೆಯ ಪ್ರಶ್ನೆಯನ್ನು ದಯವಿಟ್ಟು ವಾಪಸ್ ಹಾಕಿ. ಅವನಂಥ ಇನ್ನೊಬ್ಬ ಹುಡುಕಿಕೊಂಡು ಬಂದರೆ ಸಿಗಲಿ. ಅದರ ಕೆಳಗೆ ಮೊದಲ ಉತ್ತರ ನಾನೇ ಬರೆಯುತ್ತೇನೆ: "ಮಳಿ ಬರೂವಂಗ ಕಾಣಿಸಿದ್ರ ಒಂದು ದಿನ ತಡಿ ತಮ್ಮಾ, ಮಳಿ ನಿಂತು ಎಲಿ ಒಣಗಿದ ಮ್ಯಾಲ ಎಣ್ಣಿ ಹೊಡಿ."

ನಿಮ್ಮವನು,
ಕಲಬುರಗಿಯಿಂದ ಒಬ್ಬ ಓದುಗ